ಸೆಟ್ಟರಣ್ಣನ ಒಂದೇ ಇಂಗ್ಲಿಷ್ ಮಾತು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಹಾಗಿರಲಿಲ್ಲ. ದಪ್ಪಗೆ, ಚಪ್ಪಟೆಯಾಗಿ, ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ತುದಿಯನ್ನು ಅಕ್ಕಿಕಾಳಿನಷ್ಟು ಬಿಟ್ಟು ನೇರಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಲೇತ್ ಯಂತ್ರದಿಂದ ಬಿಸಿಯಾಗಿ ಇಳಿದ ಉಕ್ಕಿನ ತುಂಡನ್ನು ಎಡಗೈಯಲ್ಲಿ ತಿರುಗಿಸುತ್ತ, ಆ ಉಗುರನ್ನು ಅದರ ಮೈಮೇಲೆ ಎಳೆದರೆ ಸಣ್ಣಗೆ ಒಂದು ಸದ್ದು ಬರುತ್ತಿತ್ತು. ಸದ್ದು ಕೇಳಿ "ಒರಟು" ಎನ್ನುತ್ತಿದ್ದರು, ಇಲ್ಲವೇ ಏನೂ ಅನ್ನದೆ ಮುಂದಿನ ತುಂಡಿಗೆ ಕೈಚಾಚುತ್ತಿದ್ದರು. ಏನೂ ಅನ್ನದಿದ್ದರೆ ಚೆನ್ನಾಗಿದೆ ಎಂದರ್ಥ. ಹೊಗಳುವುದಕ್ಕೆ ಅವರು ಬಾಯಿ ಖರ್ಚು ಮಾಡುತ್ತಿರಲಿಲ್ಲ.

ಪೀಣ್ಯ ಎರಡನೇ ಹಂತದ ಒಂದು ಶೆಡ್ಡು ಅದು. ಕಲ್ನಾರು ಶೀಟಿನ ಮಾಡು, ಆರು ಯಂತ್ರ, ಹನ್ನೊಂದು ಜನ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದ ಕಡೆಯವಳು. ಡಿಪ್ಲೊಮಾ ಮುಗಿಸಿ, ದಾಸರಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿ ಇನ್‌ಸ್ಪೆಕ್ಟರ್ ಆಗಿ ಸೇರಿದ್ದೆ. ಇನ್‌ಸ್ಪೆಕ್ಟರ್ ಎಂದರೆ ಲಾಠಿ ಹಿಡಿದವಳಲ್ಲ. ತಯಾರಾದ ತುಂಡುಗಳನ್ನು ಅಳೆದು, ಸರಿ ಇದ್ದದ್ದಕ್ಕೆ ಹಸಿರು ಬಣ್ಣ, ಇಲ್ಲದ್ದಕ್ಕೆ ಕೆಂಪು ಬಣ್ಣ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕುವವಳು. ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಕೆಲಸ ಕಾಯಂ ಆಗದಿದ್ದರೆ ಊರಿಗೆ ಹಿಂದಿರುಗಿ ಅವರು ನೋಡಿಟ್ಟ ಗಂಡಿಗೆ ಕೊರಳೊಡ್ಡಬೇಕು. ಗಂಡು ಕೆಟ್ಟವನೇನಲ್ಲ, ಬಟ್ಟೆ ಅಂಗಡಿ ಇತ್ತು. ನನಗೆ ಬೇಕಿರಲಿಲ್ಲ, ಅಷ್ಟೇ.

ಅವರು ಸೆಟ್ಟರ್. ಸೆಟ್ಟರ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಲೇತ್ ಮುಂದೆ ನಿಂತು ದಿನವಿಡೀ ಹಿಡಿಕೆ ತಿರುಗಿಸಿ ನೂರಾರು ತುಂಡು ತೆಗೆಯುವವನು ಆಪರೇಟರ್. ಯಾವ ಟೂಲ್ ಎಲ್ಲಿ ಕೂರಬೇಕು, ಎಷ್ಟು ಒಳಗೆ ಹೋಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಬಿಗಿದು ಕೊಡುವವನು ಸೆಟ್ಟರ್. ಮದುವೆ ಮನೆಯ ಲೆಕ್ಕದಲ್ಲಿ ಇವನು ಭಟ್ಟ, ಅವನು ಬಡಿಸುವವನು. ಉಪ್ಪು ಹೆಚ್ಚಾದರೆ ಬೈಸಿಕೊಳ್ಳುವವನು ಭಟ್ಟನೇ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಸೆಟ್ಟರಣ್ಣ ಎನ್ನುತ್ತಿದ್ದರು. ಮೊದಲ ವಾರ ನಾನು ಅವರನ್ನು ಶೆಟ್ಟರ ಪೈಕಿ ಎಂದುಕೊಂಡಿದ್ದೆ. ಅವರು ನನ್ನನ್ನು ಇನ್ಸ್‌ಪೆಟ್ರಮ್ಮ ಎಂದು ಕರೆದರು, ಕೊನೆಯವರೆಗೂ ಹಾಗೆಯೇ ಕರೆದರು.

ಪೀಣ್ಯದ ಹಿಂದಿನ ಹಳ್ಳಿಯ ಒಕ್ಕಲು ಮನೆತನ ಅವರದು. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಆರು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಲೇತ್ ಆಪರೇಟರ್ ಇದ್ದದ್ದು ಅವರದೇ ಕೋಣೆಯಲ್ಲಿ. ಕೆಲಸಕ್ಕೆ ಬರಲೇಬೇಕೆಂಬ ಅಗತ್ಯ ಅವರಿಗೇನೂ ಇರಲಿಲ್ಲ. ಆದರೂ ಎಲ್ಲರಿಗಿಂತ ಮುಂಚೆ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಯಂತ್ರಗಳ ಮುಂದೆ ಒಂದು ಸುತ್ತು ಹಾಕುತ್ತಿದ್ದರು. "ಮನೇಲಿ ಕೂತ್ರೆ ನಾನು ಬರೀ ಓನರ್ರು. ಇಲ್ಲಿ ನಾನು ಸೆಟ್ಟರ್ರು" ಎಂದು ಒಮ್ಮೆ ಹೇಳಿದ್ದರು. ಓನರ್ ಎಂಬುದನ್ನು ಅವರು ಸ್ವಲ್ಪ ತಾತ್ಸಾರದಿಂದಲೇ ಹೇಳಿದರು.

ಯಂತ್ರದ ಭಾಗಗಳ ಹೆಸರು ಬಿಟ್ಟರೆ ಅವರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದ ಇಂಗ್ಲಿಷ್ ಮಾತು ಒಂದೇ, ಸೆಟ್. ಅದೊಂದರಲ್ಲೇ ಸಂಸಾರ ನಡೆಸುತ್ತಿದ್ದರು. ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಮೋಡ ನೋಡಿ, "ಇವತ್ತು ಮಳೆ ಸೆಟ್ ಆಗೈತೆ, ಮಧ್ಯಾಹ್ನಕ್ಕೆ ಉಯ್ತದೆ" ಎನ್ನುತ್ತಿದ್ದರು. ಊಟದ ಡಬ್ಬಿ ಬಿಚ್ಚಿ, "ಮುದ್ದೆ ಸೆಟ್ ಆಗಿಲ್ಲ ಕಣವ್ವ, ನೀರು ಜಾಸ್ತಿ ಬುಟ್ಟವ್ಳೆ" ಎಂದು ಹೆಂಡತಿಯ ಮೇಲೆ ದೂರು. ನನ್ನ ಸ್ಟೂಲು ಅಲುಗಾಡುತ್ತಿದ್ದಾಗ ಅದರ ಒಂದು ಕಾಲಿನಡಿ ರಟ್ಟಿನ ಚೂರು ಮಡಚಿಟ್ಟು, "ಸೆಟ್ ಮಾಡಿವ್ನಿ, ಕೂತ್ಕೊ" ಎಂದರು. ಅವರ ತಂಗಿಯ ಮಗಳು ಗಂಡನ ಮನೆಯಿಂದ ಬಂದುಬಿಟ್ಟಾಗ ಕೇಳಿದವರಿಗೆಲ್ಲ ಒಂದೇ ಉತ್ತರ: "ಸೆಟ್ ಆಗ್ಲಿಲ್ಲ." ಆರು ತಿಂಗಳ ಮೇಲೆ ಅವಳು ವಾಪಸು ಹೋದಾಗಲೂ ಅಷ್ಟೇ: "ಸೆಟ್ ಆಯ್ತು." ಕಾರ್ಖಾನೆಯ ಪರವಾನಗಿ ನೋಡಲು ಬಂದ ಅಧಿಕಾರಿಯನ್ನು ಮಾಲೀಕರು ಸೆಟ್ ಮಾಡಿಕೊಂಡಿದ್ದರು. ಮಾಲೀಕರ ಬಾಯಲ್ಲಿದ್ದದ್ದು ಹಲ್‌ಸೆಟ್. ಶನಿವಾರ ಸಂಜೆ ಆಪರೇಟರ್ ತಲೆಗೆ ನೀರು ಹಚ್ಚಿ ಬಾಚಿಕೊಳ್ಳುತ್ತಿದ್ದರೆ, "ಯಾರ್ನ ಸೆಟ್ ಮಾಡಕ್ಕೆ ಓಯ್ತಿದೀಯಾ ಮಗಾ?" ಎಂದು ರೇಗಿಸುತ್ತಿದ್ದರು.

ನನಗೆ ಕೆಲಸವಿಲ್ಲದ ಹೊತ್ತಿನಲ್ಲಿ ಇದೊಂದು ಆಟವಾಯಿತು. ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಅವರು ಆ ಮಾತನ್ನು ಬಳಸಿದ ಬಗೆಗಳನ್ನೆಲ್ಲ ಬರೆದುಕೊಳ್ಳತೊಡಗಿದೆ. ಹೊಸದು ಸಿಕ್ಕಿದಾಗ ಆಪರೇಟರ್ ದೂರದಿಂದಲೇ, "ಮೇಡಂ, ಬರ್ಕೊಳ್ಳಿ!" ಎಂದು ಕೂಗುತ್ತಿದ್ದ. ಪಟ್ಟಿ ಮೂವತ್ತು ದಾಟಿದ ಮೇಲೆ, ಒಂದು ಭಾನುವಾರ ಗ್ರಂಥಾಲಯಕ್ಕೆ ಹೋಗಿ ಅಲ್ಲಿದ್ದ ದೊಡ್ಡ ಇಂಗ್ಲಿಷ್ ನಿಘಂಟನ್ನು ಬಿಚ್ಚಿದೆ. ಮೂರಕ್ಷರದ ಆ ಮಾತಿಗೆ ಪುಟದ ಮೇಲೆ ಪುಟ ಅರ್ಥ. ಸೋಮವಾರ ಊಟದ ಹೊತ್ತಿನಲ್ಲಿ ಅವರಿಗೆ ವರದಿ ಒಪ್ಪಿಸಿದೆ.

"ಬೋನು ಇಡೋದೂ ಸೆಟ್ಟೇ ಅಂತೆ ಅಣ್ಣ."

"ಅದು ನಮ್ ಮಾಲೀಕ್ರಿಗೆ ಗೊತ್ತು ಬುಡು."

"ಮುರಿದ ಮೂಳೆ ಕೂರಿಸೋದೂ ಸೆಟ್ಟು. ಸೂರ್ಯ ಮುಳುಗೋದೂ ಸೆಟ್ಟು."

ತುತ್ತು ಬಾಯಿಯ ಹತ್ತಿರವೇ ನಿಂತಿತು. "ಮುಳುಗೋದಾ? ಅದ್ಯಾಕಂಗೆ? ಕೂರ್ಸೋದಕ್ಕೂ ಮುಳುಗೋದಕ್ಕೂ ಒಂದೇ ಮಾತಾ?"

ಅವರು ಅದನ್ನು ಇಡೀ ಮಧ್ಯಾಹ್ನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು. ಐದೂವರೆಗೆ ಸೈಕಲ್ ಏರುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು, "ಸರಿಯಾಗೇ ಐತೆ ಕಣವ್ವ. ಅದೂ ಅದ್ರ ಜಾಗ್ಕೆ ಓಗಿ ಕೂತ್ಕಂತೈತೆ" ಎಂದು ಹೇಳಿ ಹೋದರು. ನಿಘಂಟು ಬರೆದವರಿಗೆ ಒಂದು ಸಹಿ ಹಾಕಿಕೊಟ್ಟ ಹಾಗಿತ್ತು.

ಆ ಮಾತಿನಲ್ಲಿ ಅವರು ಗಂಭೀರವಾಗಿ ಹಿಡಿದ ಒಂದು ವ್ಯತ್ಯಾಸ ಮಾತ್ರ ಇತ್ತು. ಶೆಡ್ಡಿನ ಒಂದು ಮೂಲೆಯಲ್ಲಿ ಹೊಸ ಯಂತ್ರ ಕೂರಿಸಲು ಸಿಮೆಂಟ್ ನೆಲ ಹಾಕಿಸಿದ್ದರು. ಮಾಲೀಕರಿಗೆ ಆತುರ, ಮಾರನೆಯ ದಿನವೇ ಯಂತ್ರ ಇಳಿಸಬೇಕು. ಸೆಟ್ಟರಣ್ಣ ಒಂದು ಕೋಲು ಹಿಡಿದುಕೊಂಡು ಆ ನೆಲದ ಅಂಚಿನಲ್ಲಿ ಕೂತುಬಿಟ್ಟರು. ನಾಯಿ ಬಂದರೆ ನಾಯಿಗೆ, ನಾವು ಹೋದರೆ ನಮಗೆ ಕೋಲು ತೋರಿಸುತ್ತಿದ್ದರು. ಮಾಲೀಕರು ಬೂಟುಗಾಲಿನಲ್ಲಿ ಬಂದಾಗ ಎದ್ದು ನಿಂತು ಹೇಳಿದರು: "ಸೆಟ್ ಮಾಡೋದು ನಮ್ ಕೈಲೈತೆ ಸಾರ್. ಸೆಟ್ ಆಗೋದು ನಮ್ ಕೈಲಿಲ್ಲ. ಅಸಿ ಐತೆ, ಈಗ ಕಾಲಿಕ್ಕಿದ್ರೆ ಗುರ್ತು ಒಂಟೋಗಲ್ಲ." ಮಾಲೀಕರು ಗೊಣಗುತ್ತ ಹಿಂದೆ ಸರಿದರು. ಯಂತ್ರ ಒಂದು ವಾರ ಹೊರಗೆ ಟಾರ್ಪಾಲಿನ ಕೆಳಗೆ ನಿಂತಿತ್ತು.

ಇನ್ನು ಅವರ ಡಬ್ಬಿಯ ವಿಷಯ. ಯಾವ ಕೆಲಸಕ್ಕೇ ಆಗಲಿ, ಯಂತ್ರ ಸೆಟ್ ಮಾಡಿದ ಮೇಲೆ ಮೊದಲು ಮೂರು ತುಂಡು ತೆಗೆಸುತ್ತಿದ್ದರು. "ಒಂದ್ನೇದು ಮಿಷನ್ದು, ಎರಡ್ನೇದು ನನ್ದು, ಮೂರ್ನೇದು ನಿಜ" ಎನ್ನುವುದು ಅವರ ಮಾತು. ಆ ಮೂರನೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಹೆಂಡತಿಯ ಹಳೆ ಸೀರೆಯ ಚೂರಿನಲ್ಲಿ ಸುತ್ತಿ, ದಾರ ಕಟ್ಟಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅದು ಸೆಟ್ ಪೀಸು. ಒಂದೊಂದು ಕೆಲಸದ್ದಕ್ಕೂ ಒಂದೊಂದು ಬಣ್ಣದ ದಾರ. ಮೂರು ತಿಂಗಳ ಮೇಲೆ ಅದೇ ಕೆಲಸ ಮತ್ತೆ ಬಂದರೆ ಡ್ರಾಯಿಂಗ್ ಹಾಳೆ ಮುಟ್ಟುತ್ತಿರಲಿಲ್ಲ. ಸೆಟ್ ಪೀಸನ್ನೇ ಯಂತ್ರದಲ್ಲಿ ಕಚ್ಚಿಸಿ, ಟೂಲನ್ನು ಅದಕ್ಕೆ ತಾಗುವವರೆಗೆ ತಂದು, ಅಲ್ಲೇ ಬಿಗಿದುಬಿಡುತ್ತಿದ್ದರು. ಬೇರೆ ಸೆಟ್ಟರುಗಳು ಅರ್ಧ ದಿನ ತೆಗೆದುಕೊಳ್ಳುವ ಕೆಲಸ ಇವರಿಗೆ ಒಂದು ಗಂಟೆಯದು.

ಆ ಡಬ್ಬಿಯನ್ನು ಅವರು ಏಕೆ ಅಷ್ಟು ನೆಚ್ಚಿಕೊಂಡಿದ್ದಾರೆ ಎಂಬುದು ನನಗೆ ನಾಲ್ಕನೆಯ ತಿಂಗಳಲ್ಲಿ ಗೊತ್ತಾಯಿತು. ಅಳತೆಯ ಉಪಕರಣ ಹಿಡಿದು ನನ್ನ ಮೇಜಿಗೆ ಬಂದು, "ಕನ್ನಡ್ಕ ಮನೇಲಿ ಬುಟ್ಬಂದೆ, ಎಷ್ಟೈತೆ ಓದವ್ವ" ಎನ್ನುತ್ತಿದ್ದರು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆಯಾಯಿತು, ಆಮೇಲೆ ಗಂಟೆಗೊಮ್ಮೆ. ಅವರ ಮೂಗಿನ ಮೇಲೆ ಕನ್ನಡಕದ ಗುರುತೇ ಇರಲಿಲ್ಲ. ಒಂದು ದಿನ ಕೇಳಿದಾಗ ಒಪ್ಪಿಕೊಂಡರು: ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ಹೆದರಿಕೆ. ಡ್ರಾಯಿಂಗಿನ ಸಣ್ಣ ಅಂಕಿಗಳು ಅವರಿಗೆ ಕಾಣಿಸುತ್ತಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಕಣ್ಣು ಮಂಜಾದ ಸೆಟ್ಟರನ್ನು ಮನೆಗೆ ಕಳಿಸಿದ ಸುದ್ದಿ ಕೇಳಿ ನಮ್ಮ ಮಾಲೀಕರು, "ಮತ್ತಿನ್ನೇನ್ ಮಾಡ್ತಾರೆ?" ಎಂದಿದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದೆವು. ಆ ಡಬ್ಬಿ, ಆ ಉಗುರು, ಅಂಕಿ ಓದಲು ನಾನು: ಈ ಮೂರು ಇರುವತನಕ ಅವರು ಸೆಟ್ಟರ್. ನಾನು ಯಾರಿಗೂ ಹೇಳಲಿಲ್ಲ. ಅದಕ್ಕೆ ಅವರು ಧನ್ಯವಾದವನ್ನೂ ಹೇಳಲಿಲ್ಲ. ಮಾರನೆಯ ದಿನದಿಂದ ಅವರ ಊಟದ ಡಬ್ಬಿಯಲ್ಲಿ ನನಗೊಂದು ಪಾಲು ಉಪ್ಪಿನಕಾಯಿ ಬರತೊಡಗಿತು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಪಂಪಿನೊಳಗೆ ಕೂರುವ ಒಂದು ಉಕ್ಕಿನ ಬುಷ್ ನಮ್ಮಲ್ಲಿ ಆಗುತ್ತಿತ್ತು. ದಪ್ಪ ಬಳೆಯಂಥ ತುಂಡು, ಒಳಗಡೆ ಒಂದು ಮೆಟ್ಟಿಲು. ಆ ಮೆಟ್ಟಿಲಿನ ಆಳ ಸರಿಯಿಲ್ಲದಿದ್ದರೆ ಪಂಪು ಸೋರುತ್ತದೆ. ಮುನ್ನೂರರ ಒಂದು ಲಾಟು ಮುಗಿದಿತ್ತು, ಯಂತ್ರವನ್ನು ಬಿಚ್ಚಿ ಬೇರೆ ಕೆಲಸಕ್ಕೆ ಸೆಟ್ ಮಾಡಿಯಾಗಿತ್ತು. ಕಳಿಸುವ ಹೊತ್ತಿಗೆ ನೋಡಿದರೆ ಒಂದರ ಮೈಮೇಲೆ ಉದ್ದಕ್ಕೂ ಗೀರು. ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಟ್ಟೆ. ಲಾಟಿನಲ್ಲಿ ಒಂದು ತುಂಡು ಕಮ್ಮಿ ಇದ್ದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಆ ಪಂಪಿನ ಕಂಪನಿಯವರು ಹಿಂದಿನ ಸಲವೇ ಎಚ್ಚರಿಸಿದ್ದರು. ಹೊರಗೆ ಟೆಂಪೋದವನು ಹಾರ್ನ್ ಒತ್ತುತ್ತಿದ್ದ. ಎಲ್ಲರೂ ಟೀಗೆ ಹೋಗಿದ್ದರು. ನಾನು ಹೋಗಿ ಡಬ್ಬಿ ತೆರೆದು ಕೆಂಪು ದಾರದ ಗಂಟು ಬಿಚ್ಚಿ, ಅವರ ಸೆಟ್ ಪೀಸನ್ನು ತೆಗೆದು ಅಳೆದೆ. ಮುನ್ನೂರರಲ್ಲೂ ಅಷ್ಟು ಚೆನ್ನಾದದ್ದು ಇರಲಿಲ್ಲ. ಹಸಿರು ಹಚ್ಚಿ ಪೆಟ್ಟಿಗೆಗೆ ಹಾಕಿದೆ. ಗೀರು ಬಿದ್ದದ್ದರ ಕೆಂಪು ಬಣ್ಣ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ದಾರ ಕಟ್ಟಿ ಡಬ್ಬಿಯಲ್ಲಿಟ್ಟೆ. ಗೀರು ಇರುವುದು ಮೈಮೇಲೆ ತಾನೆ, ಅಳತೆಗೇನು ಎಂದುಕೊಂಡೆ. ಕೆಂಪು ಹಚ್ಚಿ ಎತ್ತಿಟ್ಟ ತುಂಡಿನ ಒಳಗನ್ನು ಯಾರೂ ಅಳೆಯುವುದಿಲ್ಲ, ನಾನೂ ಅಳೆದಿರಲಿಲ್ಲ.

ಎರಡು ತಿಂಗಳ ಮೇಲೆ ಅದೇ ಬುಷ್ ಮತ್ತೆ ಬಂತು. ಸೆಟ್ಟರಣ್ಣ ಕೆಂಪು ದಾರ ಬಿಚ್ಚಿದರು. ವಾಡಿಕೆಯ ಹಾಗೆ ಉಗುರು ಎಳೆದರು. ಉಗುರು ನಿಂತಿತು. ಇನ್ನೊಮ್ಮೆ ಎಳೆದರು.

"ಇನ್ಸ್‌ಪೆಟ್ರಮ್ಮ, ಇದ್ರ ಮೇಲೆ ಗೀರೈತೆ. ನಾನು ಇಕ್ಕಿದಾಗ ಇರ್ಲಿಲ್ಲ."

ಅವರು ನನ್ನ ಕಡೆ ನೋಡುತ್ತಿದ್ದರು. ಆ ಕಣ್ಣುಗಳಿಗೆ ನನ್ನ ಮುಖ ಎಷ್ಟು ಕಾಣಿಸುತ್ತಿತ್ತೋ ಗೊತ್ತಿಲ್ಲ.

"ಡಬ್ಬೀಲಿ ಒಂದಕ್ಕೊಂದು ತಾಗಿರ್ಬೇಕು ಅಣ್ಣ" ಎಂದೆ.

"ಬಟ್ಟೆ ಸುತ್ತಿದ್ನಲ್ಲ."

"ಬಟ್ಟೆ ಹಳೇದು."

ಸ್ವಲ್ಪ ಹೊತ್ತು ತುಂಡನ್ನು ಕೈಯಲ್ಲಿ ತಿರುಗಿಸಿದರು. "ನೀನು ಅಂತೀಯಾ ಅಂದ್ರೆ ಸರಿ" ಎಂದು ಅದನ್ನು ಯಂತ್ರಕ್ಕೆ ಕಚ್ಚಿಸಿದರು. ಆಗ ಹೇಳಿಬಿಡಬಹುದಿತ್ತು. ಒಂದು ನಿಮಿಷದ ಬೈಗುಳ, ಅರ್ಧ ದಿನದ ಕೆಲಸ, ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಅಲ್ಲಿಗೂ ನಿಲ್ಲಿಸಲಿಲ್ಲ. ಅವರು ಮೂರನೆಯ ತುಂಡು ತಂದು ಮುಂದಿಟ್ಟಾಗ, ಗೀರಿನ ಮಾತು ಮತ್ತೆ ಬಂದೀತೆಂಬ ಅಳುಕಿನಲ್ಲಿ ಹೊರಗಿನ ಅಳತೆಗಳನ್ನಷ್ಟೇ ತೆಗೆದು, ಒಳಮೆಟ್ಟಿಲಿನ ಆಳ ನೋಡದೆ ಸಹಿ ಹಾಕಿದೆ. ಆ ಸಹಿಯ ಮೇಲೆ ಉಳಿದ ಲಾಟಿನ ಒಳಗನ್ನೂ ಅಳೆಯದೆ ಕಳಿಸಿದೆ.

ಮುನ್ನೂರೂ ವಾಪಸು ಬಂದವು. ಒಳಮೆಟ್ಟಿಲಿನ ಆಳ ಎಲ್ಲದರಲ್ಲೂ ಒಂದೇ ಸಮನಾಗಿ ಕಮ್ಮಿ. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಆಮೇಲೆ ಎಂದೂ ನೋಡಿಲ್ಲ. ಆ ಗೀರಿನ ತುಂಡು ಒಳಗೂ ಕೆಟ್ಟಿತ್ತು, ಅವರು ಅದನ್ನು ನಂಬಿ ಕೂದಲೆಳೆ ಆಚೀಚೆ ಆಗದಂತೆ ಸೆಟ್ ಮಾಡಿದ್ದರು.

ಮಾಲೀಕರು ಪೆಟ್ಟಿಗೆಗಳನ್ನು ಶೆಡ್ಡಿನ ನಡುವೆ ಇಡಿಸಿ ಎಲ್ಲರನ್ನೂ ಕರೆದರು. "ಯಾರ್ ಮಾಡಿದ್ದು ಹೇಳಿ. ಮಾಡಿದವರು ಇವತ್ತೇ ಮನೆಗೆ" ಎಂದರು. ರಿಜಿಸ್ಟರ್ ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. ನನ್ನ ಒಂದು ವರ್ಷ ತುಂಬಲು ಐದು ವಾರ ಬಾಕಿ ಇತ್ತು. ಬಾಯಿ ತೆರೆದೆ, ಏನು ಹೇಳಲು ಹೊರಟಿದ್ದೆ ಎಂದು ಈಗ ಆಣೆ ಮಾಡಿ ಹೇಳಲಾರೆ.

ಸೆಟ್ಟರಣ್ಣ ಮುಂದೆ ಬಂದರು. "ಸೆಟ್ಟಿಂಗ್ ನಂದು ಸಾರ್. ಆ ಮಗ ನಾನು ತೋರ್ಸಿದ್ದಕ್ಕೆ ಸೈನ್ ಆಕವ್ಳೆ. ನಂಗೆ ಕಣ್ಣು ಕಾಣ್ಸಲ್ಲ. ಒಂದೂವರೆ ವರ್ಷ ಆಯ್ತು."

ಮಾಲೀಕರು ಮೊದಲು ಅವರನ್ನು, ಆಮೇಲೆ ನೆಲವನ್ನು ನೋಡಿದರು. ಹದಿನೆಂಟು ವರ್ಷ ಜೊತೆಗಿದ್ದ ಮನುಷ್ಯನನ್ನು ಮನೆಗೆ ಕಳಿಸಲು ಅವರಿಂದಲೂ ಆಗಲಿಲ್ಲ. ಮಾರನೆಯ ದಿನದಿಂದ ಸೆಟ್ಟರಣ್ಣ ಮೂಲೆಯ ಬೆಂಚಿನಲ್ಲಿ ಕೂತು ಅರ ಹಿಡಿದು ತುಂಡುಗಳ ಅಂಚಿನ ಮುಳ್ಳು ತೆಗೆಯತೊಡಗಿದರು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಅವರು ಯಾವುದನ್ನು ಕಾಪಾಡಿಕೊಳ್ಳಲು ನನ್ನ ಮೇಜಿಗೆ ದಿನಾ ಬರುತ್ತಿದ್ದರೋ ಅದನ್ನು ಎಲ್ಲರೆದುರು ತಾವೇ ಕೈಬಿಟ್ಟರು. ನನಗೆ ಐದು ವಾರದ ಮೇಲೆ ಕಾಯಂ ಆಯಿತು. ಅಪ್ಪನಿಗೆ ಕಾಗದ ಬರೆದೆ.

ಆಮೇಲಿನದು ಇನ್ನೂ ಕೆಟ್ಟದ್ದು. ಸೆಟ್ಟರ್ ಇಲ್ಲದೆ ಶೆಡ್ಡು ನಡೆಯುವುದಿಲ್ಲ. ಬೆಂಚಿನಿಂದಲೇ ಅವರು ಮಾಲೀಕರಿಗೆ ಹೇಳಿದರು: "ಇನ್ಸ್‌ಪೆಟ್ರಮ್ಮಂಗೆ ನಾನು ಕಲಿಸ್ತೀನಿ. ಓದವ್ಳೆ, ಕಣ್ಣೈತೆ." ಹೆಣ್ಣುಮಗಳು ಸೆಟ್ಟರ್ರಾ ಎಂದು ಮಾಲೀಕರು ಹಲ್‌ಸೆಟ್ ಸಡಿಲವಾಗುವಷ್ಟು ನಕ್ಕರು. ಬೇರೆ ಯಾರೂ ಸಿಗದೆ ಹೋದಾಗ ಒಪ್ಪಿದರು. ನಾನು ಯಂತ್ರ ಸೆಟ್ ಮಾಡಿ ತುಂಡು ತೆಗೆದು ಬೆಂಚಿಗೆ ಒಯ್ಯುವುದು, ಅವರು ಉಗುರೆಳೆದು "ಒರಟು" ಎನ್ನುವುದು. ಒಂದು ದಿನ ಏನೂ ಅನ್ನದೆ ಅರ ಕೈಗೆತ್ತಿಕೊಂಡರು. ಅವತ್ತು ನಾನು ಸೆಟ್ಟರ್ ಆದೆ. ಅವರ ಜಾಗದಲ್ಲಿ, ಅವರ ಸ್ಟೂಲಿನ ಮೇಲೆ.

ಅದೇ ವರ್ಷ ಅವರು ಹೆದರಿಕೆ ಬಿಟ್ಟು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಚೆನ್ನಾಗಿಯೇ ಕಾಣಿಸತೊಡಗಿತು. ಆದರೆ ಜಾಗ ಖಾಲಿ ಇರಲಿಲ್ಲ, ಅಲ್ಲಿ ನಾನಿದ್ದೆ. ಅವರು ಡಬ್ಬಿಯನ್ನು ನನಗೆ ಕೊಡಲಿಲ್ಲ, ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ದರು. ನಾನು ಹೇಳಬೇಕು ಎಂದುಕೊಂಡ ದಿನಗಳು ಬೇಕಾದಷ್ಟಿದ್ದವು. ಉಪ್ಪಿನಕಾಯಿ ಬರುವುದು ನಿಂತಿದ್ದರೆ ಹೇಳುತ್ತಿದ್ದೆನೋ ಏನೋ. ಅದು ನಿಲ್ಲಲೇ ಇಲ್ಲ.

ಎರಡು ವರ್ಷದ ಮೇಲೆ ನಾನು ದೊಡ್ಡ ಕಾರ್ಖಾನೆಯೊಂದಕ್ಕೆ ಹೋದೆ. ಅಲ್ಲಿ ಅಂಕಿ ಒತ್ತಿದರೆ ತಾನೇ ಕೂತುಕೊಳ್ಳುವ ಯಂತ್ರಗಳು. ಹಳೆಯ ಶೆಡ್ಡಿನ ಕಡೆಗೆ ಹೋಗುವುದು ಕಮ್ಮಿಯಾಯಿತು. ದಶಕ ಮುಗಿಯುತ್ತ ಬಂದಿದ್ದಾಗ ಆಪರೇಟರ್ ಫೋನ್ ಮಾಡಿ, ಸೆಟ್ಟರಣ್ಣ ಹೋಗಿಬಿಟ್ಟರು, ಹನ್ನೊಂದನೇ ದಿನಕ್ಕೆ ಬನ್ನಿ ಮೇಡಂ ಎಂದ. ಬೆಳಿಗ್ಗೆ ಸೈಕಲ್ ಒರೆಸುತ್ತಿದ್ದವರು ಅಲ್ಲೇ ಗೋಡೆಗೆ ಒರಗಿ ಕೂತವರು ಏಳಲಿಲ್ಲವಂತೆ.

ಕೋಣೆಗಳ ಸಾಲಿನ ಮುಂದೆ ಶಾಮಿಯಾನ ಹಾಕಿದ್ದರು. ಊಟದ ಸಾಲಿನಲ್ಲಿ ಹಳೆಯ ಶೆಡ್ಡಿನವರೆಲ್ಲ ಒಟ್ಟಿಗೆ ಕೂತಿದ್ದೆವು, ಮಾಲೀಕರೂ ಇದ್ದರು. ಸತ್ತವರ ಮನೆಯ ಊಟದಲ್ಲಿ ಆಡುವಂತೆ ಅವರ ಗುಣಗಾನ ನಡೆದಿತ್ತು. ಆ ಉಗುರು, ಆ ಸೆಟ್ ಎಂಬ ಮಾತು, ಕೋಲು ಹಿಡಿದು ನೆಲ ಕಾಯ್ದದ್ದು. ಆಪರೇಟರ್ ಅನ್ನ ಕಲಸುತ್ತ ಹೇಳಿದ: "ಇಡೀ ಸರ್ವೀಸಲ್ಲಿ ಒಂದೇ ಒಂದು ಸೆಟ್ಟಿಂಗ್ ಕೆಡಿಸಿದ್ರು ಕಣ್ರೀ. ಆ ಬುಷ್ಷು. ಮುನ್ನೂರು ಪೀಸು." ಎಲ್ಲರೂ ಪ್ರೀತಿಯಿಂದಲೇ ನಕ್ಕರು.

"ಅದು ಅವರು ಕೆಡಿಸಿದ್ದಲ್ಲ, ನಾನು" ಎಂದೆ.

ಡಬ್ಬಿ ತೆರೆದದ್ದು, ತುಂಡು ಬದಲಿಸಿದ್ದು, ಗೀರಿನ ಬಗ್ಗೆ ಸುಳ್ಳು ಹೇಳಿದ್ದು, ಆಳ ನೋಡದೆ ಸಹಿ ಹಾಕಿದ್ದು, ಎಲ್ಲ ಹೇಳಿದೆ. ನನ್ನ ದನಿ ನನಗೇ ರಿಜಿಸ್ಟರ್ ಓದಿದ ಹಾಗೆ ಕೇಳಿಸಿತು. ಮಾಲೀಕರು, "ಆಗ್ಲೇ ಹೇಳ್ಬಾರ್ದಿತ್ತೇನಮ್ಮ" ಎಂದು ಎಲೆಯ ಕಡೆ ತಿರುಗಿದರು. ಆಪರೇಟರ್, "ಈಗ್ಯಾಕ್ ಮೇಡಂ ಅದೆಲ್ಲ? ಆಗೋಯ್ತು ಬಿಡಿ" ಎಂದ. ಬಡಿಸುವವನು ಪಾಯಸ ತಂದ.

ಕೈ ತೊಳೆಯುವಲ್ಲಿ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. ಅಷ್ಟು ವರ್ಷ ಉಪ್ಪಿನಕಾಯಿ ಕಳಿಸಿದವರು, ನಾನು ಸರಿಯಾಗಿ ಮಾತಾಡಿಸಿದ್ದು ಅದೇ ಮೊದಲು. ಟ್ರಂಕಿನ ಮೇಲಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ನನ್ನ ಕೈಗಿತ್ತರು.

"ನೀನು ಏಳಿದ್ದು ಬಾಗ್ಲಿಂದ ಕೇಳಿಸ್ಕಂಡೆ. ಏಳಿದ್ ಮೇಲೆ ಇದನ್ನ ನಿಂಗೆ ಕೊಡು ಅಂದಿದ್ರು."

"ಅವರಿಗೆ ಗೊತ್ತಿತ್ತಾ ಅಮ್ಮ?"

"ಪೆಟ್ಟಿಗೆ ವಾಪಸ್ ಬಂದ ದಿನಾನೇ ಗೊತ್ತಾಯ್ತು. ಉಗುರು ಸುಳ್ಳೇಳಲ್ಲ ಅಂದ್ರು. ಮತ್ಯಾಕೆ ಸುಮ್ನಿದೀರಿ, ಕೇಳ್ಬುಡಿ ಅಂದೆ ನಾನು." ಅವರು ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದರು. "ಆ ಮಗ ಎದರ್ಕಂಡವ್ಳೆ, ಇನ್ನೂ ಅಸಿ ಐತೆ, ಈಗ ಕಾಲಿಕ್ಬಾರ್ದು ಅಂದ್ರು. ಸೆಟ್ ಆಗ್ಲಿ, ಅವ್ಳೇ ಬಂದು ಏಳ್ತಾಳೆ ಅಂದ್ರು. ಅಬ್ಬಕ್ಕೆ ಅಬ್ಬಕ್ಕೆ ಕೇಳ್ತಿದ್ದೆ, ಏಳಿದ್ಲಾ ಅಂತ. ಇನ್ನೂ ಇಲ್ಲ ಅನ್ನೋರು."

ಆ ಮನುಷ್ಯ ಐದಾರು ವರ್ಷ ಕೋಲು ಹಿಡಿಯದೆ ಅಂಚಿನಲ್ಲಿ ಕೂತು ನನ್ನನ್ನು ಕಾಯ್ದಿದ್ದರು. ನಾನು ಹೇಳುವ ಹೊತ್ತಿಗೆ ಕೇಳಿಸಿಕೊಳ್ಳಬೇಕಾದವರೇ ಇರಲಿಲ್ಲ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜನ ನೋಡುವಂತೆ, ಅತ್ತೆ.

ಈಗ ಆ ಡಬ್ಬಿಯ ಸೆಟ್ ಪೀಸುಗಳಿಂದ ಯಾರಿಗೂ ಉಪಯೋಗವಿಲ್ಲ. ಆಯುಧ ಪೂಜೆಯ ದಿನ ಒಂದೊಂದನ್ನೇ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಕಟ್ಟಿಡುತ್ತೇನೆ. ಎಲ್ಲದರ ಮೇಲೂ ಬಲಗೈ ಹೆಬ್ಬೆರಳಿನ ಉಗುರು ಎಳೆಯುತ್ತೇನೆ, ಅದೂ ಈಗ ಸ್ವಲ್ಪ ದಪ್ಪವಾಗಿದೆ. ಕೆಂಪು ದಾರದ್ದನ್ನು ಕೊನೆಗೆ ಬಿಚ್ಚುತ್ತೇನೆ. ಗೀರಿನ ಹತ್ತಿರ ಬಂದಾಗ ಉಗುರು ನಿಲ್ಲುತ್ತದೆ.